ಒಂದು ದನಿ, ಒಂದು ಗಿಟಾರ್: ಟ್ರೇಸಿ ಚಾಪ್‌ಮನ್ ಅವರ ಮೊದಲ ಆಲ್ಬಂ

ಈಗ ಕೇಳಿದಿರಲ್ಲ, ಆ ಹಾಡಿನಲ್ಲಿ ಒಂದೇ ಒಂದು ವಾದ್ಯವಿಲ್ಲ. ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಹಿಂದೆ ಶ್ರುತಿ ಕೂಡ ಇಲ್ಲ. ಒಬ್ಬ ಹೆಣ್ಣುಮಗಳ ದನಿ, ಅಷ್ಟೇ. ಎರಡು ನಿಮಿಷದೊಳಗೆ ಮುಗಿದುಹೋಗುತ್ತದೆ. ಹಾಡಿನ ಹೆಸರು ‘ಬಿಹೈಂಡ್ ದ ವಾಲ್’. 1988ರ ಏಪ್ರಿಲ್ 5ರಂದು ಬಿಡುಗಡೆಯಾದ ಆಲ್ಬಂನ ನಾಲ್ಕನೇ ಹಾಡು ಇದು. ಬರೆದವರು, ಧಾಟಿ ಹಾಕಿದವರು, ಹಾಡಿದವರು ಒಬ್ಬರೇ: ಟ್ರೇಸಿ ಚಾಪ್‌ಮನ್. ಆಗ ಅವರಿಗೆ 24 ವರ್ಷ. ಆಲ್ಬಂಗೆ ಬೇರೆ ಹೆಸರನ್ನೂ ಹುಡುಕಲಿಲ್ಲ, ಅವರ ಹೆಸರನ್ನೇ ಇಟ್ಟರು.

ನಿಮ್ಮಲ್ಲಿ ಬಹಳ ಜನ ಸ್ವಂತ ಹಾಡು ಬರೆಯುತ್ತಿದ್ದೀರಿ. ಮೊದಲ ಆಲ್ಬಂ ಮಾಡಬೇಕು ಅನ್ನುವ ಆಸೆ ಇಟ್ಟುಕೊಂಡಿದ್ದೀರಿ. ಅದಕ್ಕೇ ಈ ಆಲ್ಬಂ ಬಗ್ಗೆ ಮಾತಾಡೋಣ ಅಂದುಕೊಂಡೆ. ಹನ್ನೊಂದು ಹಾಡು, ಎಲ್ಲ ಸೇರಿ ಮೂವತ್ತಾರು ನಿಮಿಷ. ಯಾವ ಹಾಡೂ ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ. ಪ್ರತಿಯೊಂದೂ ಒಬ್ಬರ ಕೈಯಲ್ಲಿ, ಒಂದೇ ಗಿಟಾರಿನ ಜೊತೆ, ಮೊದಲೇ ಪೂರ್ತಿ ಆಗಿತ್ತು. ಈ ಆಲ್ಬಂ ಮೂವತ್ತೈದು ವರ್ಷ ದಾಟಿಯೂ ಯಾಕೆ ಹಳತಾಗಿಲ್ಲ ಅಂತ ಕೇಳಿದರೆ ನನ್ನ ಉತ್ತರ ಇದೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಕಾಲದ ಪಾಪ್ ಸಂಗೀತ ನೆನಪಿಸಿಕೊಳ್ಳಿ. ಸಿಂಥಸೈಜರ್, ಡ್ರಮ್ ಮಷೀನ್, ಬಾವಿಯೊಳಗಿಂದ ಬಂದಂತೆ ಗುಂಯ್‌ಗುಡುವ ಡ್ರಮ್ ಸದ್ದು. ಟಿವಿಯಲ್ಲಿ ವಿಡಿಯೋ ಚೆನ್ನಾಗಿ ಕಂಡರೆ ಹಾಡು ಗೆದ್ದಂತೆ. ಅಂಥ ಹೊತ್ತಿನಲ್ಲಿ ಮೇಕಪ್ ಇಲ್ಲದೆ, ಕುಣಿತವಿಲ್ಲದೆ, ತಲೆ ತಗ್ಗಿಸಿ ಗಿಟಾರ್ ನುಡಿಸುತ್ತಾ ಬಡತನದ ಬಗ್ಗೆ ಹಾಡುವ ಕಪ್ಪು ಹುಡುಗಿಯನ್ನು ಯಾರು ಕೇಳುತ್ತಾರೆ? ಕೆಲವು ಪ್ರೊಡ್ಯೂಸರ್‌ಗಳು, ಅಂದರೆ ಸ್ಟುಡಿಯೋದಲ್ಲಿ ಹಾಡಿನ ಧ್ವನಿಮುದ್ರಣಕ್ಕೆ ರೂಪ ಕೊಡುವವರು, ಇದೇ ಕಾರಣಕ್ಕೆ ಆಲ್ಬಂ ಒಪ್ಪಿಕೊಳ್ಳಲಿಲ್ಲ. ಹೊರಗೆ ಓಡುತ್ತಿದ್ದ ಗಾಳಿಗೆ ಇದು ಪೂರ್ತಿ ಎದುರು ಅಂತ ಅವರಿಗನ್ನಿಸಿತು. ಹಾಗಂತ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಹಿಂದಿನ ವರ್ಷ, 1987ರಲ್ಲಿ, ಸುಝನ್ ವೇಗಾ ಅವರ ‘ಲೂಕಾ’ ದೊಡ್ಡ ಹಿಟ್ ಆಗಿತ್ತು. ಹೊಡೆತ ತಿನ್ನುವ ಮಗುವೇ ಮಾತಾಡುವ ಹಾಡದು. ಗಿಟಾರ್ ಹಿಡಿದ ಹೆಣ್ಣು ಕಷ್ಟದ ಮಾತನ್ನು ಸಣ್ಣ ದನಿಯಲ್ಲಿ ಹೇಳಿದರೂ ಜನ ಕೇಳುತ್ತಾರೆ ಅನ್ನುವುದು ಕಂಪನಿಗಳಿಗೆ ಆಗಲೇ ಸ್ವಲ್ಪ ಗೊತ್ತಾಗಿತ್ತು.

ಟ್ರೇಸಿ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಕಾರ್ಖಾನೆಗಳ ಊರು. ಅವರು ಬೆಳೆಯುವ ಹೊತ್ತಿಗೆ ಆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. 1966ರಲ್ಲಿ ಅಲ್ಲಿನ ಹಫ್ ಬಡಾವಣೆಯಲ್ಲಿ ದೊಡ್ಡ ಜನಾಂಗೀಯ ಗಲಭೆ ಆಯಿತು. ಎಪ್ಪತ್ತರ ದಶಕದಲ್ಲಿ ಬಿಳಿಯರ, ಕರಿಯರ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಲು ಬಸ್ಸುಗಳಲ್ಲಿ ಕರೆದೊಯ್ಯುವ ಆದೇಶ ಬಂದಾಗ ಊರು ಮತ್ತೆ ಕುದಿಯಿತು. ಆಲ್ಬಂನ ಮೂರನೇ ಹಾಡು ‘ಅಕ್ರಾಸ್ ದ ಲೈನ್ಸ್’ ಎರಡು ಭಾಗವಾದ ಒಂದು ಊರಿನ ಕಥೆ. ಊರಿಗೆ ಹೆಸರಿಲ್ಲ. ಗೆರೆ ದಾಟುವ ಧೈರ್ಯ ಯಾರಿಗಿದೆ ಅಂತ ಹಾಡು ಕೇಳುತ್ತದೆ. ಆ ಗೆರೆಯನ್ನು ಅವರು ಪುಸ್ತಕದಲ್ಲಿ ಓದಿ ಬರೆದದ್ದಲ್ಲ.

ಅಪ್ಪ-ಅಮ್ಮ ಬೇರೆಯಾದಾಗ ಟ್ರೇಸಿಗೆ ನಾಲ್ಕು ವರ್ಷ. ಅಮ್ಮ ಒಬ್ಬರೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದರು. ಕೈಯಲ್ಲಿ ದುಡ್ಡಿಲ್ಲದಿದ್ದರೂ ಮೂರು ವರ್ಷದ ಮಗಳಿಗೆ ಯುಕುಲೇಲೆ ಕೊಡಿಸಿದ ತಾಯಿ. ನಾಲ್ಕು ತಂತಿಯ ಪುಟಾಣಿ ಗಿಟಾರಿನಂಥ ವಾದ್ಯ ಅದು. ಎಂಟರ ವಯಸ್ಸಿಗೆ ಟ್ರೇಸಿ ಗಿಟಾರ್ ಹಿಡಿದಿದ್ದರು. ಗಿಟಾರಿನ ಆಸೆ ಹುಟ್ಟಿಸಿದ್ದು ‘ಹೀ ಹಾ’ ಅನ್ನುವ ಟಿವಿ ಕಾರ್ಯಕ್ರಮ. ಅದು ಕಂಟ್ರಿ ಸಂಗೀತದ, ಅಂದರೆ ಅಮೆರಿಕದ ಹಳ್ಳಿಗಾಡಿನ ಬಿಳಿಯರ ಸಂಗೀತ ಅಂತ ಎಲ್ಲರೂ ತಿಳಿದಿದ್ದ ಸಂಗೀತದ ಕಾರ್ಯಕ್ರಮ. ಇದನ್ನು ನೆನಪಿಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತದೆ.

ಮುಂದೆ ವಿದ್ಯಾರ್ಥಿವೇತನ ಸಿಕ್ಕಿ ಕನೆಕ್ಟಿಕಟ್ ರಾಜ್ಯದ ವೂಸ್ಟರ್ ಶಾಲೆಗೆ ಹೋದರು. ಉಳ್ಳವರ ಮಕ್ಕಳು ಓದುವ ವಸತಿ ಶಾಲೆ. ಅಲ್ಲಿನ ಪಾದ್ರಿಯೊಬ್ಬರು ಮತ್ತು ಜೊತೆಯ ವಿದ್ಯಾರ್ಥಿಗಳು ದುಡ್ಡು ಸೇರಿಸಿ ಅವರಿಗೊಂದು ಒಳ್ಳೆಯ ಗಿಟಾರ್ ಕೊಡಿಸಿದರು. ಆಲ್ಬಂನ ಮೊದಲ ಹಾಡು ‘ಟಾಕಿನ್ ಬೌಟ್ ಎ ರೆವಲ್ಯೂಷನ್’ ಬರೆದದ್ದು ಆ ಶಾಲೆಯಲ್ಲಿದ್ದಾಗ, ಹದಿನಾರರ ವಯಸ್ಸಿನಲ್ಲಿ. ಸರ್ಕಾರದ ನೆರವಿಗೆ ಸಾಲು ನಿಂತವರು, ದಾನದ ಬಾಗಿಲಲ್ಲಿ ಅಳುತ್ತಾ ನಿಂತವರು, ಕೆಲಸಕ್ಕಾಗಿ ಕಾಯುತ್ತಾ ದಿನ ಕಳೆಯುವವರು ಆ ಹಾಡಿನಲ್ಲಿ ಬರುತ್ತಾರೆ. ಸಿರಿವಂತರ ಶಾಲೆಯಲ್ಲಿ ಕೂತು ತನ್ನೂರಿನ ಸಾಲುಗಳನ್ನು ನೆನೆಸಿಕೊಂಡ ಹುಡುಗಿ ಬರೆದ ಹಾಡು. ಕ್ರಾಂತಿ ಆಗುತ್ತದೆ ಅಂತ ಕೂಗಿ ಹೇಳುವುದಿಲ್ಲ. ಅದು ಪಿಸುಮಾತಿನಂತೆ ಬರುತ್ತಿದೆ ಅನ್ನುತ್ತಾರೆ. ಹದಿನಾರರ ವಯಸ್ಸಿಗೆ ಈ ಹಿಡಿತ ನನಗೆ ಇವತ್ತಿಗೂ ಬೆರಗು.

ಅಲ್ಲಿಂದ ಬಾಸ್ಟನ್ ಹತ್ತಿರದ ಟಫ್ಟ್ಸ್ ವಿಶ್ವವಿದ್ಯಾಲಯ. ಓದಿದ್ದು ಮಾನವಶಾಸ್ತ್ರ ಮತ್ತು ಆಫ್ರಿಕಾ ಅಧ್ಯಯನ. ಓದಿನ ಜೊತೆ ಹಾರ್ವರ್ಡ್ ಸ್ಕ್ವೇರ್‌ನ ಬೀದಿಯಲ್ಲಿ, ಮೆಟ್ರೋ ನಿಲ್ದಾಣಗಳಲ್ಲಿ, ಕಾಫಿ ಅಂಗಡಿಗಳಲ್ಲಿ ಹಾಡುತ್ತಿದ್ದರು.

ಬೀದಿಯಲ್ಲಿ ಹಾಡುವುದು ಅಂದರೆ ಏನು ಅಂತ ಒಂದು ಕ್ಷಣ ಯೋಚಿಸಿ. ಸಭಾಂಗಣದಲ್ಲಿ ಟಿಕೆಟ್ ಕೊಟ್ಟು ಕೂತವರು ಮೊದಲ ಹಾಡು ಹಿಡಿಸದಿದ್ದರೂ ಎರಡನೆಯದಕ್ಕೆ ಕಾಯುತ್ತಾರೆ. ಬೀದಿಯವನಿಗೆ ಆ ಹಂಗಿಲ್ಲ. ಅವನು ರೈಲು ಹಿಡಿಯಬೇಕು. ಚಳಿಗೆ ಕೈ ಜೇಬಲ್ಲಿದೆ. ಮೊದಲ ಸಾಲಿಗೆ ಅವನ ಕಾಲು ನಿಲ್ಲಬೇಕು. ನಿಂತ ಮೇಲೆ ಮಾತು ಅವನಿಗೆ ಅರ್ಥವಾಗಬೇಕು, ಯಾಕೆಂದರೆ ಅವನು ಇನ್ನೊಮ್ಮೆ ಕೇಳುವುದಿಲ್ಲ. ಟ್ರೇಸಿ ಅವರ ಹಾಡುಗಳನ್ನು ಗಮನಿಸಿ. ಮೊದಲ ಸಾಲಿನಲ್ಲೇ ಯಾರೋ ಯಾರಿಗೋ ಏನೋ ಹೇಳುತ್ತಿರುತ್ತಾರೆ. ಪೀಠಿಕೆ ಇಲ್ಲ. ಪದಗಳು ಚಿಕ್ಕವು. ಒಂದು ಪದವೂ ನುಂಗಿಹೋಗುವುದಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದವರೂ ಈ ಆಲ್ಬಂನ ಬಹುಪಾಲು ಮಾತನ್ನು ಕಿವಿಯಿಂದಲೇ ಹಿಡಿಯಬಹುದು. ಆ ಸ್ಪಷ್ಟತೆ ಕಲಿಸಿದ್ದು ಬೀದಿ ಅಂತ ನನ್ನ ನಂಬಿಕೆ.

ಇಲ್ಲಿ ಸ್ವಲ್ಪ ನಮ್ಮ ಕಡೆ ಬಂದು ಹೋಗುತ್ತೇನೆ. ಒಬ್ಬರೇ ಬರೆದು, ಒಬ್ಬರೇ ಒಂದು ವಾದ್ಯ ಹಿಡಿದು ಹಾಡುವುದು ನಮಗೆ ಹೊಸದೇನೂ ಅಲ್ಲ. ತಂಬೂರಿ ಹಿಡಿದ ದಾಸರಿದ್ದರು. ಶಿಶುನಾಳ ಶರೀಫರ ತತ್ವಪದಗಳನ್ನು ಏಕತಾರಿ, ದಮ್ಮಡಿ ಜೊತೆ ಹಾಡುವವರು ಉತ್ತರ ಕರ್ನಾಟಕದಲ್ಲಿ ಈಗಲೂ ಇದ್ದಾರೆ. ಆದರೆ ಧ್ವನಿಮುದ್ರಣದ ಕಾಲ ಬಂದಾಗ ನಮ್ಮಲ್ಲಿ ಕೆಲಸ ಹಂಚಿಹೋಯಿತು. ಕವಿ ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ ತಗೊಳ್ಳಿ. ಕವಿತೆ ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಅದರಿಂದ ನಮಗೆ ಎಂಥ ಸೊಗಸಾದ ಹಾಡುಗಳು ಸಿಕ್ಕವು ಅನ್ನುವುದು ನಿಮಗೆಲ್ಲ ಗೊತ್ತು. ನಾನು ಅದನ್ನು ಕಡಿಮೆ ಅನ್ನುತ್ತಿಲ್ಲ. ಆದರೆ ಬರೆದವರ ಉಸಿರೇ ಹಾಡಿನ ಉಸಿರೂ ಆದಾಗ ಬೇರೆ ಏನೋ ಒಂದು ಆಗುತ್ತದೆ. ಎಲ್ಲಿ ತಡೆಯಬೇಕು, ಯಾವ ಪದವನ್ನು ಹಾಡದೆ ಸುಮ್ನೆ ಹೇಳಿಬಿಡಬೇಕು ಅನ್ನುವುದನ್ನು ಬರೆದ ಕೈಯೇ ತೀರ್ಮಾನ ಮಾಡುತ್ತದೆ. ಈಗ ಕನ್ನಡದಲ್ಲಿ ನೀವು ಬಹಳ ಮಂದಿ ಆ ಹಳೆಯ ದಾರಿಗೆ ಗಿಟಾರ್ ಹಿಡಿದು ವಾಪಸ್ ಬರುತ್ತಿದ್ದೀರಿ. ನನಗೆ ಅದು ಖುಷಿ ಕೊಡುವ ವಿಷಯ.

ಸರಿ, ಟಫ್ಟ್ಸ್‌ಗೆ ವಾಪಸ್ ಹೋಗೋಣ. ಅಲ್ಲಿ ಬ್ರಯನ್ ಕೊಪೆಲ್‌ಮನ್ ಅನ್ನುವ ಸಹಪಾಠಿ ಇದ್ದರು. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ವಿರುದ್ಧ ಕ್ಯಾಂಪಸ್ಸಿನಲ್ಲಿ ಪ್ರತಿಭಟನೆಗೆ ತಯಾರಿ ಮಾಡುತ್ತಿದ್ದರು. ಅಲ್ಲಿ ಹಾಡಲು ಒಬ್ಬ ಹುಡುಗಿ ಇದ್ದಾಳೆ ಅಂತ ಯಾರೋ ಹೇಳಿದರು. ಹೋಗಿ ಕಾಫಿ ಅಂಗಡಿಯಲ್ಲಿ ಹಾಡು ಕೇಳಿ ದಂಗಾದರು. ಬ್ರಯನ್ ಅವರ ತಂದೆ ಚಾರ್ಲ್ಸ್ ಕೊಪೆಲ್‌ಮನ್ ಸಂಗೀತ ಪ್ರಕಾಶನದ ದೊಡ್ಡ ಉದ್ಯಮಿ. ಅಪ್ಪನಿಗೆ ಕೇಳಿಸುತ್ತೇನೆ ಅಂತ ಬ್ರಯನ್ ಹೇಳಿದರೂ ಟ್ರೇಸಿ ರೆಕಾರ್ಡಿಂಗ್ ಮಾಡಿಕೊಡಲು ಮನಸ್ಸು ಮಾಡಲಿಲ್ಲ. ಆದರೆ ಕಾಲೇಜಿನ ರೇಡಿಯೋ ಕೇಂದ್ರದಲ್ಲಿ ಅವರ ಹಾಡುಗಳ ಟೇಪ್ ಇತ್ತು. ಯಾಕೆ ಇತ್ತು ಗೊತ್ತಾ? ಹಾಡುಗಳ ಹಕ್ಕುಸ್ವಾಮ್ಯ ತನ್ನ ಹೆಸರಿನಲ್ಲಿ ದಾಖಲಾಗಲಿ ಅಂತ ಅವರು ಅಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ಬದಲಿಗೆ ಕೇಂದ್ರಕ್ಕೆ ಆ ಹಾಡುಗಳನ್ನು ಪ್ರಸಾರ ಮಾಡುವ ಅವಕಾಶ. ಬ್ರಯನ್ ಒಂದು ಟೇಪನ್ನು ಮೆಲ್ಲಗೆ ಎತ್ತಿಕೊಂಡು ಹೋಗಿ ಅಪ್ಪನಿಗೆ ಕೇಳಿಸಿದರು. ಅದರಲ್ಲಿ ಇದ್ದದ್ದು ಹದಿನಾರರ ವಯಸ್ಸಿನಲ್ಲಿ ಬರೆದ ಆ ಹಾಡು.

ಕಾಲೇಜು ಹುಡುಗಿ, ಬೀದಿಯಲ್ಲಿ ಹಾಡುವವರು, ಕಂಪನಿಯ ಗಂಧಗಾಳಿ ಇಲ್ಲ. ಆದರೂ ಹಾಡು ತನ್ನದು ಅಂತ ದಾಖಲೆ ಮಾಡಿಟ್ಟಿದ್ದರು. ಮಾತಿನ ಕೊನೆಯಲ್ಲಿ ಇದಕ್ಕೆ ಬರುತ್ತೇನೆ.

1987ರಲ್ಲಿ ಪದವಿ ಮುಗಿಯಿತು. ಎಲೆಕ್ಟ್ರಾ ರೆಕಾರ್ಡ್ಸ್ ಜೊತೆ ಒಪ್ಪಂದ ಆಯಿತು. ಪ್ರೊಡ್ಯೂಸರ್ ಆಗಿ ಡೇವಿಡ್ ಕರ್ಶನ್‌ಬಾಮ್ ಬಂದರು. 1975ರಲ್ಲಿ ಜೋನ್ ಬಾಯೆಜ್ ಅವರ ‘ಡೈಮಂಡ್ಸ್ ಅಂಡ್ ರಸ್ಟ್’ ಮಾಡಿದವರು ಅವರು. ಗಿಟಾರ್ ಹಿಡಿದು ನಿಂತ ಹೆಣ್ಣಿನ ದನಿಯನ್ನು ಹೇಗೆ ಕಾಪಾಡಬೇಕು ಅಂತ ಗೊತ್ತಿದ್ದವರು. ಹಾಲಿವುಡ್‌ನ ಪವರ್‌ಟ್ರ್ಯಾಕ್ಸ್ ಸ್ಟುಡಿಯೋದಲ್ಲಿ ಕೆಲಸ ಶುರುವಾಯಿತು. ಬೇಸ್ ಗಿಟಾರಿಗೆ ಲ್ಯಾರಿ ಕ್ಲೈನ್, ಡ್ರಮ್ಸ್‌ಗೆ ಡೆನ್ನಿ ಫಾಂಗೈಸರ್. ಇಬ್ಬರೂ ಪಳಗಿದವರು. ಅವರು ಏನು ನುಡಿಸಿದರು ಅನ್ನುವುದರ ಜೊತೆ ಎಲ್ಲೆಲ್ಲಿ ನುಡಿಸದೆ ಬಿಟ್ಟರು ಅಂತಲೂ ಕೇಳಿ. ದನಿ ಮುಂದೆ ನಿಂತಿದೆ. ಅದರ ಪಕ್ಕ ಟ್ರೇಸಿ ಅವರ ಗಿಟಾರ್. ಉಳಿದದ್ದೆಲ್ಲ ಅದರ ಹಿಂದೆ, ನೆರಳಲ್ಲಿ. ಅಡುಗೆ ಬಲ್ಲವರು ಒಳ್ಳೆಯ ಬದನೆಕಾಯಿ ಸಿಕ್ಕಿದ ದಿನ ಮಸಾಲೆ ಕಡಿಮೆ ಹಾಕುತ್ತಾರಲ್ಲ, ಆ ಥರದ ತಿಳಿವಳಿಕೆ ಇದು.

ಈಗ ‘ಫಾಸ್ಟ್ ಕಾರ್’. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೇನೆ, ಸಹಿಸಿಕೊಳ್ಳಿ.

ಹಾಡು ಸುಮಾರು ಐದು ನಿಮಿಷ. ಶುರುವಾಗುವುದು ಗಿಟಾರಿನ ಒಂದು ಚಿಕ್ಕ ಸಾಲಿನಿಂದ. ಆ ಸಾಲು ಸುತ್ತುತ್ತದೆ, ಮತ್ತೆ ಸುತ್ತುತ್ತದೆ, ಕೊನೆಯ ತನಕ. ಕಥೆ ಹೇಳುವವಳು ಒಬ್ಬ ಹುಡುಗಿ. ಅಪ್ಪ ಕುಡುಕ. ದುಡಿಯುವ ಶಕ್ತಿ ಹೋಗಿದೆ. ಅಮ್ಮ ಇದಕ್ಕಿಂತ ಹೆಚ್ಚಿನ ಬದುಕು ಬೇಕು ಅಂತ ಬಿಟ್ಟು ಹೋಗಿದ್ದಾಳೆ. ಅಪ್ಪನನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಅಂತ ಈ ಹುಡುಗಿ ಶಾಲೆ ಬಿಟ್ಟಿದ್ದಾಳೆ. ಅಂಗಡಿಯಲ್ಲಿ ಕೆಲಸ ಮಾಡಿ ಸ್ವಲ್ಪ ದುಡ್ಡು ಉಳಿಸಿದ್ದಾಳೆ. ಒಬ್ಬನ ಹತ್ತಿರ ಕಾರಿದೆ. ಅವನ ಜೊತೆ ಊರು ಬಿಡುತ್ತಾಳೆ. ಪೇಟೆಯಲ್ಲಿ ಇಬ್ಬರಿಗೂ ಕೆಲಸ ಸಿಗುತ್ತದೆ ಅನ್ನುವ ಆಸೆ. ಅವನಿಗೆ ಸಿಗುವುದಿಲ್ಲ. ಅವಳಿಗೆ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ ಸಿಗುತ್ತದೆ. ಬಡ್ತಿ ಬರುತ್ತದೆ, ನಿರಾಶ್ರಿತರ ತಾಣ ಬಿಟ್ಟು ದೊಡ್ಡ ಮನೆಗೆ ಹೋಗುತ್ತೇವೆ ಅಂತ ಲೆಕ್ಕ ಹಾಕುತ್ತಾಳೆ. ವರ್ಷಗಳು ಹೋಗುತ್ತವೆ. ಈಗ ಮನೆಯ ಖರ್ಚೆಲ್ಲ ಅವಳ ಸಂಬಳದಲ್ಲೇ ನಡೆಯುತ್ತದೆ. ಅವನು ರಾತ್ರಿ ತಡವಾಗುವ ತನಕ ಬಾರಿನಲ್ಲಿ. ಮಕ್ಕಳಿಗಿಂತ ಸ್ನೇಹಿತರೇ ಅವನಿಗೆ ಜಾಸ್ತಿ ಸಿಗುತ್ತಾರೆ.

ಕುಡಿಯುವ ಅಪ್ಪನಿಂದ ಓಡಿಬಂದವಳು ಕುಡಿಯುವ ಗಂಡಿನ ಮನೆಯಲ್ಲಿ ನಿಂತಿದ್ದಾಳೆ. ಹಾಡು ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ಕಾಣಬೇಕು. ಇನ್ನೂ ಒಂದಿದೆ. ಶುರುವಿನಲ್ಲಿ ಊರು ಬಿಡುವ ತೀರ್ಮಾನ ಇಬ್ಬರದೂ ಆಗಿತ್ತು. ಕೊನೆಯಲ್ಲಿ ಅವಳು ತೀರ್ಮಾನವನ್ನು ಅವನೊಬ್ಬನ ಮುಂದೆ ಇಡುತ್ತಾಳೆ. ಕಾರು ತಗೊಂಡು ಹೋಗು ಅನ್ನುತ್ತಾಳೆ. ಅವಳಮ್ಮ ಮನೆ ಬಿಟ್ಟು ಹೋಗಿದ್ದಳು. ಇವಳು ಮನೆ ಬಿಡುವುದಿಲ್ಲ, ಅವನನ್ನು ಕಳಿಸುತ್ತಾಳೆ. ಒಂದು ತಲೆಮಾರಿನಲ್ಲಿ ಆದ ಬದಲಾವಣೆ ಅಷ್ಟೇ. ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ನಿಮ್ಮ ಬೀದಿಯಲ್ಲೂ ಇಂಥವರು ಇದ್ದಾರೆ. ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸಿಗೆ ನಿಂತವರಲ್ಲಿ ಎಷ್ಟು ಜನರ ಸಂಬಳದಲ್ಲಿ ಪೂರ್ತಿ ಮನೆ ನಡೆಯುತ್ತಿದೆ ಅಂತ ಯೋಚಿಸಿ.

ಪಲ್ಲವಿಯನ್ನು ಗಮನಿಸಿ. ಡ್ರಮ್ಸ್ ಎದ್ದು ಬರುವುದು ಅಲ್ಲಿ. ದನಿಯೂ ಅಲ್ಲೇ ಏರುತ್ತದೆ. ಕಾರಿನ ವೇಗ, ಊರಿನ ದೀಪಗಳು, ಹೆಗಲ ಮೇಲೆ ಅವನ ತೋಳು, ತಾನೂ ಯಾರೋ ಒಬ್ಬಳು ಆಗಬಹುದು ಅನ್ನುವ ಹಿಗ್ಗು. ಇಡೀ ಹಾಡಿನಲ್ಲಿ ಸಂತೋಷ ಇರುವುದು ಅಲ್ಲಿ ಮಾತ್ರ. ಆದರೆ ಅದು ನೆನಪು. ಅವಳು ಅದನ್ನು ಆಗಿಹೋದದ್ದಾಗಿ ಹೇಳುತ್ತಾಳೆ. ಪ್ರತಿ ಸಲ ಪಲ್ಲವಿ ಬಂದಾಗಲೂ ಆ ರಾತ್ರಿ ಇನ್ನಷ್ಟು ದೂರ ಹೋಗಿರುತ್ತದೆ. ಪದ ಒಂದೂ ಬದಲಾಗದೆ ಪಲ್ಲವಿಯ ಅರ್ಥ ಬದಲಾಗುತ್ತಾ ಹೋಗುತ್ತದೆ. ಹಾಡು ಕಟ್ಟುವವರು ಇದನ್ನು ಹತ್ತು ಸಲ ಕೇಳಬೇಕು.

‘ಬಿಹೈಂಡ್ ದ ವಾಲ್’ ನೀವು ಈಗಷ್ಟೇ ಕೇಳಿದ್ದೀರಿ. ಪಕ್ಕದ ಮನೆಯಿಂದ ಹೆಂಗಸಿನ ಚೀರಾಟ. ಗೋಡೆಯ ಈಚೆ ಕೇಳಿಸಿಕೊಳ್ಳುತ್ತಾ ನಿದ್ದೆಯಿಲ್ಲದೆ ಕೂತ ಇನ್ನೊಬ್ಬಳು. ಪೊಲೀಸರು ಬಂದರೆ ಯಾವಾಗಲೂ ತಡವಾಗಿ ಬರುತ್ತಾರೆ. ಬಂದರೂ ಗಂಡ-ಹೆಂಡಿರ ವಿಷಯದಲ್ಲಿ ನಾವು ಬರುವಂತಿಲ್ಲ ಅಂತ ಹೇಳುತ್ತಾರೆ. ನಮ್ಮಲ್ಲಿ ಗಾದೆಯೇ ಇದೆಯಲ್ಲ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಆ ಗಾದೆಯ ಹಿಂದೆ ಎಷ್ಟು ಹೆಂಗಸರ ಚೀರಾಟ ಅಡಗಿದೆಯೋ. ಈ ಹಾಡಿನಲ್ಲೂ ಕೊನೆಗೆ ಆಂಬುಲೆನ್ಸ್ ಬರುತ್ತದೆ, ಗುಂಪು ಚದುರಿಸಲು ಪೊಲೀಸ್ ಬರುತ್ತಾನೆ, ಎಲ್ಲರೂ ಹೋಗಿ ಮಲಗಿ ಅನ್ನುತ್ತಾನೆ. ಇದಕ್ಕೆ ಗಿಟಾರ್ ಹಾಕಿದ್ದರೆ ಏನಾಗುತ್ತಿತ್ತು? ಹಾಡು ಇಂಪಾಗುತ್ತಿತ್ತು. ಆ ಇಂಪು ಇಲ್ಲಿ ಸಲ್ಲದು. ಗೋಡೆಯ ಆಚೆಯಿಂದ ಬರುವುದು ಬರೀ ದನಿ. ನಮಗೂ ಅವರು ಕೊಟ್ಟದ್ದು ಬರೀ ದನಿ.

‘ಬೇಬಿ ಕ್ಯಾನ್ ಐ ಹೋಲ್ಡ್ ಯು’ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. 1997ರಲ್ಲಿ ಬಾಯ್‌ಝೋನ್ ತಂಡ ಹಾಡಿ ಮತ್ತೆ ಜನಪ್ರಿಯವಾಯಿತು. ಕ್ಷಮಿಸು ಅನ್ನಲು ಬಾಯಿ ಬಾರದ ಒಬ್ಬ ಮನುಷ್ಯನ ಹಾಡು. ಅದಕ್ಕಿಂತ ಹೆಚ್ಚು ವಿವರಿಸುವುದು ಬೇಡ. ‘ಮೌಂಟನ್ಸ್ ಓ ಥಿಂಗ್ಸ್’ ಬಹಳ ಒಳ್ಳೆಯ ಹಾಡು. ಪೌಲಿನ್ಯೊ ಡ ಕೋಸ್ತಾ ಅವರ ತಾಳವಾದ್ಯಗಳು ಅದಕ್ಕೆ ಒಂದು ತೂಗಾಟ ಕೊಟ್ಟಿವೆ. ಕೈಯಲ್ಲಿ ಏನೂ ಇಲ್ಲದವಳು ವಸ್ತುಗಳ ಬೆಟ್ಟ ಕಟ್ಟುವ ಕನಸು ಕಾಣುತ್ತಾಳೆ. ಆ ಆಸೆಯನ್ನು ಹಾಡು ಬೈಯುವುದಿಲ್ಲ. ಒಳಗೆ ಹೋಗಿ ನೋಡುತ್ತದೆ. ‘ಫಾರ್ ಮೈ ಲವರ್’ನಲ್ಲಿ ಪ್ರೀತಿಗಾಗಿ ಜೈಲು ಸೇರಿದವರ ಮಾತಿದೆ. ಯಾಕೆ ಜೈಲು ಅಂತ ಪೂರ್ತಿ ಹೇಳದೆ ಬಿಟ್ಟದ್ದೇ ಅದರ ಬಲ.

ಎಲ್ಲ ಹಾಡೂ ಒಂದೇ ಎತ್ತರದಲ್ಲಿಲ್ಲ. ‘ವೈ?’ ನನಗೆ ಅಷ್ಟು ಹಿಡಿಸುವುದಿಲ್ಲ. ಮಕ್ಕಳು ಯಾಕೆ ಹಸಿದಿದ್ದಾರೆ, ಕೊಲ್ಲುವ ಕ್ಷಿಪಣಿಗಳನ್ನು ಶಾಂತಿ ಕಾಯುವವು ಅಂತ ಯಾಕೆ ಕರೆಯುತ್ತಾರೆ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಪ್ರಶ್ನೆಗಳು ನಿಜ. ಆದರೆ ಅಲ್ಲಿ ಒಬ್ಬ ಮನುಷ್ಯರೂ ಕಾಣುವುದಿಲ್ಲ. ಮೆರವಣಿಗೆಯಲ್ಲಿ ಆ ಹಾಡು ಕೆಲಸ ಮಾಡುತ್ತದೆ, ಒಬ್ಬರೇ ಕೂತು ಕೇಳುವಾಗ ಜಾರಿಹೋಗುತ್ತದೆ. ‘ಶೀಸ್ ಗಾಟ್ ಹರ್ ಟಿಕೆಟ್’ ಜಮೈಕಾದ ರೆಗೆ ತಾಳದ ಮೇಲೆ ಕೂತಿದೆ. ಈ ಆಲ್ಬಂನಲ್ಲಿ ಕಾಲದ ಧೂಳು ಕೂತಿರುವ ಜಾಗ ಅಂದರೆ ಅದೇ. ಅಲ್ಲಿ ವಾದ್ಯಗಳು ಹಾಡಿನ ಮುಂದೆ ಬಂದುಬಿಟ್ಟಿವೆ. ಅದರ ಪಕ್ಕಕ್ಕೆ ಕೊನೆಯ ಹಾಡು ‘ಫಾರ್ ಯು’ ಇಟ್ಟು ಕೇಳಿ, ಬರೀ ಗಿಟಾರ್ ಮತ್ತು ದನಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಆಲ್ಬಂ ಬಂದ ಎರಡು ತಿಂಗಳ ಮೇಲೆ ನಡೆದದ್ದು ಈಗ ಹೇಳುತ್ತೇನೆ. 1988ರ ಜೂನ್ 11. ನೆಲ್ಸನ್ ಮಂಡೇಲಾ ಇನ್ನೂ ಜೈಲಿನಲ್ಲಿದ್ದರು. ಅವರ 70ನೇ ಹುಟ್ಟುಹಬ್ಬಕ್ಕೆ ಮುಂಚಿತವಾಗಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ದಿನಪೂರ್ತಿ ಸಂಗೀತ ಕಾರ್ಯಕ್ರಮ. 67 ದೇಶಗಳಿಗೆ ಪ್ರಸಾರ, 60 ಕೋಟಿ ಜನ ನೋಡಿದರು ಅಂತ ಅಂದಾಜು. ಟ್ರೇಸಿ ಮಧ್ಯಾಹ್ನವೇ ಹಾಡಿ ಮುಗಿಸಿದ್ದರು. ಸಂಜೆ ಸ್ಟೀವಿ ವಂಡರ್ ಅವರ ಸರದಿ. ಅವರು ವೇದಿಕೆಗೆ ಹೋಗುವ ಹೊತ್ತಿಗೆ ಅವರ ಸಿಂಥಸೈಜರಿನ ಹಾರ್ಡ್ ಡಿಸ್ಕ್ ಕಾಣೆ. ಅವರ ಹಾಡುಗಳ ಸಂಗೀತವೆಲ್ಲ ಅದರಲ್ಲಿತ್ತು. ಅದಿಲ್ಲದೆ ಹಾಡಲಾರೆ ಅಂತ ಕಣ್ಣೀರು ಹಾಕಿಕೊಂಡು ಹೊರಟುಬಿಟ್ಟರು. ಆಮೇಲೆ ವಾಪಸ್ ಬಂದು ಹಾಡಿದರು, ಅದು ಬೇರೆ ಮಾತು. ಆದರೆ ಆ ಗಳಿಗೆಯಲ್ಲಿ ವೇದಿಕೆ ಖಾಲಿ, ಪ್ರಸಾರ ನಡೆಯುತ್ತಿದೆ. ತಕ್ಷಣ ಯಾರು ಹಾಡಬಲ್ಲರು? ಸಾಮಾನು ಜೋಡಿಸಬೇಕಾಗಿಲ್ಲದವರು. ಟ್ರೇಸಿ ಗಿಟಾರ್ ತಗೊಂಡು ಮತ್ತೆ ಬಂದರು. ‘ಫಾಸ್ಟ್ ಕಾರ್’ ಹಾಡಿದರು.

ಆ ವಿಡಿಯೋ ನೋಡಿ. ತುಂಬಿದ ಕ್ರೀಡಾಂಗಣದ ಗದ್ದಲ ಮೊದಲು ಕೇಳುತ್ತದೆ. ಅವರು ಅದನ್ನು ಅಡಗಿಸಲು ದನಿ ಎತ್ತುವುದಿಲ್ಲ. ಬೀದಿಯಲ್ಲಿ ಹೇಗೆ ಹಾಡುತ್ತಿದ್ದರೋ ಹಾಗೇ ಹಾಡುತ್ತಾರೆ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಸ್ಟುಡಿಯೋದಲ್ಲಿ ಸೇರಿಸಿದ್ದನ್ನೆಲ್ಲ ತೆಗೆದು ಬದಿಗಿಟ್ಟ ಮೇಲೂ ಹಾಡು ಒಂದಿಷ್ಟೂ ಕಡಿಮೆ ಆಗಲಿಲ್ಲ. ಮುಂದಿನ ವಾರಗಳಲ್ಲಿ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು, ಆಗಸ್ಟ್‌ನಲ್ಲಿ ಅಮೆರಿಕದಲ್ಲೂ. ‘ಫಾಸ್ಟ್ ಕಾರ್’ ಅಮೆರಿಕದ ಪಟ್ಟಿಯಲ್ಲಿ 6ನೇ ಸ್ಥಾನ ಮುಟ್ಟಿತು. 1989ರಲ್ಲಿ ಮೂರು ಗ್ರ್ಯಾಮಿ ಬಂದವು, ಅದರಲ್ಲಿ ಒಂದು ಹೊಸ ಕಲಾವಿದರ ಪ್ರಶಸ್ತಿ. ಹಾರ್ಡ್ ಡಿಸ್ಕ್ ಕಳೆದದ್ದು ಅದೃಷ್ಟ ಅಂತ ಬರೆಯುವವರು ಬಹಳ. ನನಗೆ ಆ ಮಾತು ಅರ್ಧ ಮಾತ್ರ ಅನಿಸುತ್ತದೆ. ಅವಕಾಶ ಆಕಸ್ಮಿಕವಾಗಿ ಬಂತು, ನಿಜ. ಆದರೆ ಗಿಟಾರ್ ಒಂದರ ಮೇಲೆ ನಿಲ್ಲುವ ಹಾಡು ಎಷ್ಟೋ ವರ್ಷದ ಕೆಲಸ.

ಅದೇ ವರ್ಷ ಅವರು ಭಾರತಕ್ಕೂ ಬಂದಿದ್ದರು ಅಂತ ನಿಮಗೆ ಗೊತ್ತಿತ್ತಾ? ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ 40 ವರ್ಷ ತುಂಬಿದ ನೆಪದಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಆರು ವಾರಗಳ ವಿಶ್ವ ಪ್ರವಾಸ ಏರ್ಪಡಿಸಿತ್ತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್, ಪೀಟರ್ ಗೇಬ್ರಿಯಲ್, ಸೆನೆಗಲ್‌ನ ಯೂಸು ಎನ್‌ಡೂರ್, ಅವರ ಜೊತೆ ಟ್ರೇಸಿ. ಸೆಪ್ಟೆಂಬರ್ 30ರಂದು ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಹಾಡಿದರು. ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳಿಬಿಡುತ್ತೇನೆ. ಆ ಘೋಷಣೆಯ ಮೊದಲ ಕಲಮಿನಲ್ಲಿ ಎಲ್ಲ ಗಂಡಸರೂ ಸಮಾನರು ಅಂತ ಓದಿಕೊಳ್ಳಬಹುದಾದ ಮಾತಿತ್ತು. ಅದನ್ನು ಎಲ್ಲ ಮನುಷ್ಯರೂ ಅಂತ ತಿದ್ದಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಆ ಘೋಷಣೆಯ ಹೆಸರಿನಲ್ಲಿ ಹೊರಟ ಪ್ರವಾಸದಲ್ಲಿ ‘ಬಿಹೈಂಡ್ ದ ವಾಲ್’ ಬರೆದವರು ದೆಹಲಿಗೆ ಬಂದರು ಅನ್ನುವುದು ನನಗೆ ಬಹಳ ಹಿತವಾದ ಸಂಗತಿ.

ಇನ್ನು 2023ಕ್ಕೆ ಹಾರುತ್ತೇನೆ. ಲ್ಯೂಕ್ ಕೂಂಬ್ಸ್ ಅನ್ನುವ ಕಂಟ್ರಿ ಗಾಯಕ ‘ಫಾಸ್ಟ್ ಕಾರ್’ ಹಾಡಿದರು. ಆಲ್ಬಂ ಬಂದಾಗ ಅವರಿನ್ನೂ ಹುಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕೇಳಿದ ಹಾಡು. ಅವರು ಮಾಡಿದ ಒಳ್ಳೆಯ ಕೆಲಸ ಏನು ಗೊತ್ತಾ? ಏನನ್ನೂ ತಿದ್ದಲಿಲ್ಲ. ಗಂಡಸು ಹಾಡಿದರೂ ಅಂಗಡಿಯಲ್ಲಿ ಬಿಲ್ಲು ಹಾಕುವ ಹುಡುಗಿ ಹುಡುಗಿಯಾಗಿಯೇ ಉಳಿದಳು. ಹಾಡು ಅಮೆರಿಕದ ಮುಖ್ಯ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯಿತು, ಮೊದಲ ಸಲಕ್ಕಿಂತ ಮೇಲೆ. ಕಂಟ್ರಿ ರೇಡಿಯೋ ಪಟ್ಟಿಯಲ್ಲಿ ಮೊದಲ ಸ್ಥಾನ. ಒಬ್ಬರೇ ಬರೆದ ಹಾಡಿನಿಂದ ಆ ಜಾಗ ಮುಟ್ಟಿದ ಮೊದಲ ಕಪ್ಪು ಮಹಿಳೆ ಟ್ರೇಸಿ. ನವೆಂಬರಿನಲ್ಲಿ ಕಂಟ್ರಿ ಸಂಗೀತ ಸಂಘದ ವರ್ಷದ ಹಾಡು ಪ್ರಶಸ್ತಿಯೂ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಹಾಡುಗಾರರು ಅವರೇ. ಆಗ ಹೇಳಿದೆನಲ್ಲ, ಟಿವಿಯಲ್ಲಿ ಕಂಟ್ರಿ ಕಾರ್ಯಕ್ರಮ ನೋಡಿ ಗಿಟಾರ್ ಬೇಕು ಅಂದ ಕ್ಲೀವ್‌ಲ್ಯಾಂಡಿನ ಮಗು. ಆ ಸಂಗೀತ ಅವರನ್ನು ತನ್ನವರು ಅಂತ ಒಪ್ಪಿಕೊಳ್ಳಲು ಇಷ್ಟು ವರ್ಷ ಹಿಡಿಯಿತು. 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಸೇರಿ ಹಾಡಿದರು. ಬಹಳ ವರ್ಷಗಳಿಂದ ಜನರ ಕಣ್ಣಿಗೆ ಅಪರೂಪವಾಗಿದ್ದ ಟ್ರೇಸಿ ಆ ಗಿಟಾರ್ ಸಾಲು ನುಡಿಸಿದಾಗ ಸಭೆ ಎದ್ದ ರೀತಿ ನೋಡಿ, ನನಗೆ ಗಂಟಲು ಕಟ್ಟಿತು.

ಈಗ ಹಕ್ಕಿನ ಮಾತು. ಈ ಹಾಡಿಗೆ ಬರೆದವರು ಅಂತ ಇರುವುದು ಒಂದೇ ಹೆಸರು. ಯಾರು ಹಾಡಿದರೂ ಬರಹಗಾರರ ಪಾಲು ಅವರಿಗೆ ಹೋಗುತ್ತದೆ. ತಮ್ಮ ಹಾಡಿನ ತುಣುಕನ್ನು ಬೇರೆಯವರು ಬಳಸುವುದಕ್ಕೆ ಅವರು ಸುಲಭವಾಗಿ ಒಪ್ಪುವವರೂ ಅಲ್ಲ. ‘ಬೇಬಿ ಕ್ಯಾನ್ ಐ ಹೋಲ್ಡ್ ಯು’ ಬಳಸಲು ರ‍್ಯಾಪ್ ಗಾಯಕಿ ನಿಕಿ ಮಿನಾಜ್ ಕೇಳಿದಾಗ ಒಪ್ಪಲಿಲ್ಲ. ಆದರೂ ಅದನ್ನು ಬಳಸಿದ ಹಾಡು ರೇಡಿಯೋದಲ್ಲಿ ಬಂದಾಗ ಕೋರ್ಟಿಗೆ ಹೋದರು. 2021ರಲ್ಲಿ 4,50,000 ಡಾಲರ್‌ಗೆ ಅದು ಇತ್ಯರ್ಥವಾಯಿತು. ಕಾಲೇಜು ರೇಡಿಯೋದಲ್ಲಿ ಹಕ್ಕಿಗಾಗಿ ಟೇಪ್ ಮಾಡಿಟ್ಟ ಹುಡುಗಿಯೇ ಅಲ್ವಾ ಇವರು?

ನಿಮಗೂ ಈ ಕಾಳಜಿ ಇರಲಿ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಹಾಡು ಬರೆದವರು, ಸಂಗೀತ ಕಟ್ಟಿದವರು ಹಕ್ಕನ್ನು ಕಂಪನಿಗೆ ಬರೆದುಕೊಟ್ಟ ಮೇಲೂ ರಾಯಧನದಲ್ಲಿ, ಅಂದರೆ ರಾಯಲ್ಟಿಯಲ್ಲಿ, ಅವರಿಗೆ ಸಮಪಾಲು ಇದೆ. ಆ ಪಾಲನ್ನು ಕಂಪನಿ ನಿಮ್ಮಿಂದ ಬರೆಸಿಕೊಳ್ಳುವಂತಿಲ್ಲ. ಅದನ್ನು ವಸೂಲು ಮಾಡಿಕೊಡಲು ಮುಂಬೈಯಲ್ಲಿ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಅನ್ನುವ ಸಂಸ್ಥೆ ಇದೆ. ಹಾಡು ಹೊರಗೆ ಹೋಗುವ ಮೊದಲೇ ಅದರ ಸದಸ್ಯರಾಗಿ, ಹಾಡನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸಿ. ಒಪ್ಪಂದ ಬಾಯಿಮಾತಿನದಾಗಿರಬಾರದು, ಬರಹದಲ್ಲಿರಬೇಕು. ಎಷ್ಟು ವರ್ಷಕ್ಕೆ ಅಂತ ಅದರಲ್ಲಿ ಬರೆದಿಲ್ಲದಿದ್ದರೆ ಕಾನೂನು ಅದನ್ನು ಐದೇ ವರ್ಷ ಅಂತ ಎಣಿಸುತ್ತದೆ. ಯಾವ ದೇಶಗಳಿಗೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಕಂಪನಿಯವರ ಕಾಗದದಲ್ಲಿ ಈ ಎರಡು ಜಾಗದಲ್ಲಿ ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಅಂತ ಅಚ್ಚಾಗಿಯೇ ಇರಬಹುದು. ಸಹಿ ಹಾಕುವ ಮೊದಲು ಅಲ್ಲಿ ಬೆರಳಿಟ್ಟು ಕೇಳಿ.